ಸಿಮ್ಯುಲೇಶನ್‌ನಲ್ಲಿ ತುಂಬುವ ರಿಬ್ ಮೆಷಿನ್‌ನಲ್ಲಿ ಯಾಕೆ ತುಂಬುತ್ತಿಲ್ಲ?

ಪ್ರಶ್ನೆ:
ಇಂಜೆಕ್ಷನ್ ಮೋಲ್ಡಿಂಗ್‌ನಲ್ಲಿ (ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ತಳ್ಳಿ ಪೀಸ್ ಮಾಡುವುದು) ಮೂರು ದಿನದಿಂದ ಒಂದೇ ಒಂದು ರಿಬ್ (ಬಲಕ್ಕೆ ಕೊಡುವ ತೆಳು ಪಟ್ಟಿ) ನನ್ನ ನಿದ್ದೆ ಕೆಡಿಸಿದೆ. ಪಾಲಿಪ್ರೊಪಿಲೀನ್ ಮುಚ್ಚಳ, ಗೋಡೆ 2.5 ಮಿ.ಮೀ., ಒಳಗಡೆ 0.8 ಮಿ.ಮೀ. ರಿಬ್. ಮೆಲ್ಟ್ (ಕರಗಿದ ಪ್ಲಾಸ್ಟಿಕ್) 230 ಡಿಗ್ರಿ, ಮೋಲ್ಡ್ (ಅಚ್ಚು) 40. ಸಿಮ್ಯುಲೇಶನ್ ಪ್ರಕಾರ ಎಲ್ಲವೂ ತುಂಬುತ್ತದೆ. ಮೆಷಿನ್‌ನಿಂದ ಬಂದ ಪೀಸ್‌ನಲ್ಲಿ ಮಾತ್ರ ರಿಬ್ ಅರ್ಧಕ್ಕೇ ನಿಂತಿದೆ, ಅಂಚು ದುಂಡಗೆ, ನುಣ್ಣಗೆ. ತಮಾಷೆ ಅಂದರೆ ಅದು ಗೇಟ್ (ಪ್ಲಾಸ್ಟಿಕ್ ಒಳಗೆ ಬರುವ ಬಾಯಿ) ಪಕ್ಕದಲ್ಲೇ ಇದೆ! ದೂರದ ಮೂಲೆಗಳೆಲ್ಲ ಚೆನ್ನಾಗಿ ತುಂಬಿವೆ. ಪ್ರೆಶರ್ ಜಾಸ್ತಿ ಮಾಡಿದರೆ ಫ್ಲ್ಯಾಶ್ (ಮೋಲ್ಡ್ ಸಂದಿನಿಂದ ಹೊರಗೆ ಸೋರಿದ ತೆಳು ಪ್ಲಾಸ್ಟಿಕ್) ಬಂತು, ರಿಬ್ ಜಗ್ಗಲಿಲ್ಲ. ಸಾಫ್ಟ್‌ವೇರ್ ಸುಳ್ಳು ಹೇಳುತ್ತಿದೆಯಾ?

ಉತ್ತರ 1:
ಗಾಳಿ ಸಿಕ್ಕಿಕೊಂಡಿರಬೇಕು. ರಿಬ್ ತುದಿಯಲ್ಲಿ ಸುಟ್ಟ ಗುರುತು ಇದೆಯಾ ನೋಡಿ.

ಪ್ರಶ್ನೆ ಕೇಳಿದವರು:
ಇಲ್ಲ ಸರ್. ಅಲ್ಲಿ ಇನ್‌ಸರ್ಟ್ (ಮೋಲ್ಡ್‌ನಲ್ಲಿ ಕೂರಿಸಿದ ಬಿಡಿ ತುಂಡು) ಸೇರುವ ಸಂದು ಇದೆ, ಗಾಳಿ ಹೋಗಲು ದಾರಿ ಸಾಕಷ್ಟಿದೆ.

ಉತ್ತರ 2:
ಗೇಟ್ ಪಕ್ಕದಲ್ಲಿರುವುದೇ ತೊಂದರೆ. ಪ್ಲಾಸ್ಟಿಕ್ ಸೋಮಾರಿ, ದಪ್ಪ ದಾರಿ ಇದ್ದರೆ ಸಪೂರ ಸಂದಿಗೆ ಹೋಗುವುದಿಲ್ಲ. ರಿಬ್ ಬಾಯಲ್ಲಿ ಸ್ವಲ್ಪ ಇಣುಕಿ ನಿಲ್ಲುತ್ತದೆ, ಉಳಿದದ್ದು ಮುಂದೆ ಓಡುತ್ತದೆ. ಇದೇ ಹೆಸಿಟೇಶನ್. ಕೊನೆಗೆ ಪ್ರೆಶರ್ ಏರುವಷ್ಟರಲ್ಲಿ ನಿಂತದ್ದು ಗಟ್ಟಿಯಾಗಿರುತ್ತದೆ. ತಣಿಯುವ ಸಮಯ ದಪ್ಪದ ವರ್ಗದಂತೆ ಬದಲಾಗುತ್ತದೆ. ನಿಮ್ಮ ರಿಬ್ ಗೋಡೆಗಿಂತ ಸುಮಾರು 10 ಪಟ್ಟು ಬೇಗ ತಣಿಯುತ್ತದೆ.
ಎರಡು ವಿಷಯ ಹೇಳಿ. ರಿಬ್ ದಪ್ಪದಲ್ಲಿ ಮೆಶ್ (ಲೆಕ್ಕಕ್ಕಾಗಿ ಸಾಫ್ಟ್‌ವೇರ್ ಪೀಸನ್ನು ಒಡೆಯುವ ಸಣ್ಣ ತುಂಡುಗಳ ಜಾಲ) ಎಷ್ಟು ಪದರ ಇದೆ? ಸಿಮ್ಯುಲೇಶನ್‌ಗೆ ಕೊಟ್ಟ ಫಿಲ್ ಟೈಮ್ (ಮೋಲ್ಡ್ ತುಂಬಲು ಹಿಡಿಯುವ ಸಮಯ) ಮೆಷಿನ್‌ನಲ್ಲಿ ನಿಜವಾಗಿ ಸಿಗುತ್ತಿದೆಯಾ? ಪ್ಲಾಸ್ಟಿಕ್ ತಳ್ಳುವ ಸ್ಕ್ರೂ ವೇಗ ಹಿಡಿಯುವುದಕ್ಕೂ ಸಮಯ ಬೇಕಲ್ವಾ?

ಪ್ರಶ್ನೆ ಕೇಳಿದವರು:
ಹೇಳಲು ನಾಚಿಕೆ. ಮೆಶ್ ಎರಡೇ ಪದರ! ಫಿಲ್ ಟೈಮ್ 1.2 ಸೆಕೆಂಡ್ ಕೊಟ್ಟಿದ್ದೆ, ಮೆಷಿನ್ ತೋರಿಸುವುದು 1.9.

ಉತ್ತರ 2:
ಸರಿ ಹೋಯಿತು. ಎರಡು ಪದರದಲ್ಲಿ ಮೋಲ್ಡ್ ಗೋಡೆಗೆ ಅಂಟಿ ಹೆಪ್ಪುಗಟ್ಟಿದ ಪ್ಲಾಸ್ಟಿಕ್ಕೂ ನಡುವಿನ ಬಿಸಿ ಪ್ಲಾಸ್ಟಿಕ್ಕೂ ಬೇರೆ ಬೇರೆಯಾಗಿ ಕಾಣುವುದಿಲ್ಲ. ಸಾಫ್ಟ್‌ವೇರ್ ಸರಾಸರಿ ತೆಗೆದುಕೊಂಡು ಹರಿಯುತ್ತದೆ ಅನ್ನುತ್ತದೆ. ಹತ್ತು ಪದರ ಹಾಕಿ, 1.9 ಕೊಟ್ಟು ಓಡಿಸಿ.

ಪ್ರಶ್ನೆ ಕೇಳಿದವರು:
ಇಪ್ಪತ್ತು ನಿಮಿಷದ ಲೆಕ್ಕ ರಾತ್ರಿಯಿಡೀ ಓಡಿತು. ಬೆಳಗ್ಗೆ ನೋಡಿದರೆ ಸ್ಕ್ರೀನ್ ಮೇಲೆ ಅದೇ ಅರ್ಧ ರಿಬ್! ಬೈದುಕೊಂಡ ಸಾಫ್ಟ್‌ವೇರ್‌ಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಗೇಟನ್ನು ಎದುರು ಬದಿಗೆ ಸರಿಸಿ ಮತ್ತೆ ಓಡಿಸಿದೆ. ಈಗ ರಿಬ್ ಹತ್ತಿರ ಪ್ಲಾಸ್ಟಿಕ್ ಬರುವುದೇ ಕೊನೆಗೆ. ಬೇರೆಲ್ಲೂ ಹೋಗಲು ಜಾಗ ಇಲ್ಲದೆ ಸೀದಾ ಒಳಗೆ ನುಗ್ಗುತ್ತದೆ. ಆದರೆ ಮುಚ್ಚಳದ ರಂಧ್ರ ಸುತ್ತಿ ಬರುವ ವೆಲ್ಡ್ ಲೈನ್ (ಎರಡು ಹರಿವು ಸೇರುವ ದುರ್ಬಲ ಗೆರೆ) ಈಗ ಕ್ಲಿಪ್ ಬುಡಕ್ಕೇ ಬಂದು ಕೂತಿದೆ. ಅದಕ್ಕೆ ನಾಳೆ ಬೇರೆ ಪ್ರಶ್ನೆ ಹಾಕುತ್ತೇನೆ.