ಝುಲು ಟೈಮಾ, ನಿಜವಾದ ಟೈಮಾ?

ಗಂಡನಿಗೆ ದುಬೈಯಲ್ಲಿ ಪೈಲಟ್ ಕೆಲಸ ಸಿಕ್ಕಿದೆ, ಇಬ್ಬರು ಚಿಕ್ಕ ಮಕ್ಕಳು, ಸಂಸಾರ ನಡೆಯುತ್ತಾ, ಮಕ್ಕಳಿಗೆ ಕನ್ನಡ ಬರುತ್ತಾ ಅಂತ ಕೇಳಿದ್ದೀರಿ. ಸ್ಕೂಲು, ಬಾಡಿಗೆ ಬಗ್ಗೆ ಉಳಿದವರು ಆಗಲೇ ಹೇಳಿದ್ದಾರೆ. ನಾನು ಅಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ವಿಮಾನ ಓಡಿಸಿದವನು. ನಡೆಯುತ್ತದೆ. ಆದರೆ ಮನೆಯಲ್ಲಿ ಎರಡು ಗಡಿಯಾರ ಬೇಕು.

ನನ್ನ ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ, ಯುಟಿಸಿ ಟೈಮಿನಲ್ಲಿ ಬರುತ್ತಿತ್ತು, ಇಡೀ ಜಗತ್ತಿಗೆ ಒಂದೇ ಆದ ಗಡಿಯಾರ ಅದು. ನಾವು ಅದಕ್ಕೆ ಝುಲು ಅನ್ನುತ್ತೇವೆ. ದುಬೈ ಅದಕ್ಕಿಂತ 4 ಗಂಟೆ ಮುಂದೆ. ಹಗಲಿನ ಫ್ಲೈಟಾದರೆ ನಾಲ್ಕು ಕೂಡಿಸಿದರೆ ಮುಗಿಯಿತು. ನಡುರಾತ್ರಿ ದಾಟಿದ ಮೇಲೆ ಹೊರಡುವ ವಿಮಾನವಾದರೆ ಗಂಟೆಯ ಜೊತೆ ತಾರೀಖೂ ಬದಲಾಗುತ್ತದೆ. ನಾನು ಮುಗ್ಗರಿಸಿದ್ದು ಅಲ್ಲೇ.

ಮಗಳ ನಾಲ್ಕನೇ ಹುಟ್ಟುಹಬ್ಬ 15ನೇ ತಾರೀಖು. ರೋಸ್ಟರಿನಲ್ಲಿ ಡ್ಯೂಟಿ 14ಕ್ಕೆ, 22:15ಕ್ಕೆ ಟೇಕಾಫ್. 15ಕ್ಕೆ ಏನೂ ಇಲ್ಲ. ಮನೆಯಲ್ಲೇ ಇರ್ತೀನಿ ಅಂತ ಎದೆ ತಟ್ಟಿಕೊಂಡು ಹೇಳಿದ್ದೆ. 14ರ ಸಂಜೆ ಬ್ಯಾಗ್ ತುಂಬುವಾಗ ತಲೆಗೆ ಹೊಳೆಯಿತು: ಝುಲು 22:15 ಅಂದರೆ ದುಬೈಯಲ್ಲಿ 15ರ ಬೆಳಗಿನ ಜಾವ 2:15. ಮಗಳು ಏಳುವಷ್ಟರಲ್ಲಿ ನಾನು ಎಲ್ಲೋ ಮೋಡದ ಮೇಲೆ.

ಹೆಂಡತಿ ಬೈಯಲಿಲ್ಲ. ಅದೇ ಭಯ ಆಗಿದ್ದು. ರಾತ್ರಿ 12ಕ್ಕೆ ಸರಿಯಾಗಿ ಮಗುವನ್ನು ಎಬ್ಬಿಸಿ ಕೂರಿಸಿದಳು. ನಾನು ಯೂನಿಫಾರ್ಮಿನಲ್ಲಿ. ಮಗಳ ತಲೆ ಮೇಲೆ ನನ್ನ ಟೋಪಿ, ಅದು ಮೂಗಿನವರೆಗೂ ಇಳಿದಿತ್ತು. ಕಣ್ಣು ಮುಚ್ಚಿಕೊಂಡೇ ಕೇಕ್ ಕತ್ತರಿಸಿದಳು, ಹಾಗೇ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ಕೆಳಗೆ ಕಂಪನಿ ಕಾರು ಬಂದು ನಿಂತಿತ್ತು. ಓಡಿದೆ. ಬ್ರೀಫಿಂಗ್ ರೂಮಿನಲ್ಲಿ ಫಸ್ಟ್ ಆಫೀಸರ್, ಅಂದರೆ ನನ್ನ ಜೊತೆಯ ಕೋಪೈಲಟ್, ನನ್ನ ಹೆಗಲನ್ನೇ ನೋಡುತ್ತಾ, "ಕ್ಯಾಪ್ಟನ್, ಪ್ರಮೋಷನ್ ಆಯ್ತಾ?" ಅಂದ. ನಾಲ್ಕು ಚಿನ್ನದ ಪಟ್ಟಿ ಪಕ್ಕದಲ್ಲಿ ಐದನೆಯದು, ಬಿಳಿ ಕ್ರೀಮಿನದು.

ಅವತ್ತಿನಿಂದ ನಾನು ಯಾವ ಸಮಯ ಹೇಳಿದರೂ ಮನೆಯಲ್ಲಿ ಮರುಪ್ರಶ್ನೆ: "ಅದು ಝುಲು ಟೈಮಾ, ನಿಜವಾದ ಟೈಮಾ?"

ವಾರದ ದಿನಗಳ ಗತಿಯೂ ಇದೇ. ನಾವು ಹೋದಾಗ ಯುಎಇಯಲ್ಲಿ ಸರ್ಕಾರಿ ರಜೆ ಗುರುವಾರ, ಶುಕ್ರವಾರ. 2006ರಲ್ಲಿ ಶುಕ್ರವಾರ, ಶನಿವಾರ ಆಯಿತು. 2022ರಲ್ಲಿ ಶನಿವಾರ, ಭಾನುವಾರಕ್ಕೆ ಬಂತು. ಒಂದು ದೇಶ ಎರಡು ಸಲ ವಾರಾಂತ್ಯ ಬದಲಾಯಿಸಿತು, ನನಗೆ ಎರಡು ಸಲವೂ ಗೊತ್ತಾಗಲಿಲ್ಲ. ರಜೆ ಯಾವತ್ತು ಅಂತ ಹೇಳೋದು ರೋಸ್ಟರ್, ಕ್ಯಾಲೆಂಡರ್ ಅಲ್ಲ.

ಕನ್ನಡದ ವಿಷಯಕ್ಕೆ ಬರ್ತೀನಿ, ಅದನ್ನೂ ಕೇಳಿದ್ದೀರಲ್ವಾ. ಮಕ್ಕಳಿಗೆ ಕನ್ನಡ ಬಂದದ್ದು ಫೋನಿನಿಂದ. ಎಲ್ಲೇ ಇರಲಿ, ಅವರು ಮಲಗುವ ಹೊತ್ತಿಗೆ ಹೋಟೆಲಿನಿಂದ ಒಂದು ಕಥೆ. ಪಕ್ಕದಲ್ಲಿ ಪುಸ್ತಕ ಇಲ್ಲ, ಚಿತ್ರ ಇಲ್ಲ, ಬರೀ ಮಾತು. ಕಥೆ ಹೇಳುತ್ತಾ ನಾನೇ ಮೊದಲು ಗೊರಕೆ ಹೊಡೆದದ್ದೂ ಉಂಟು. ಮಕ್ಕಳು ಅದನ್ನೂ ಕೇಳಿಸಿಕೊಂಡು, ಸಾಕಾದ ಮೇಲೆ ಫೋನ್ ಇಡುತ್ತಿದ್ದರು. ಅಕ್ಷರ ಕಲಿಸುವಾಗ ಮಾತ್ರ ನನ್ನ ಕೆಲಸ ಅಡ್ಡ ಬಂತು. ರೇಡಿಯೋದಲ್ಲಿ ನಾವು ಒಂದೊಂದು ಇಂಗ್ಲಿಷ್ ಅಕ್ಷರಕ್ಕೂ ಒಂದು ಗೊತ್ತುಮಾಡಿದ ಪದ ಹೇಳುತ್ತೇವೆ. ಕನ್ನಡ ಕ್ಲಾಸಿನ ಮೇಷ್ಟ್ರು ಒಂದು ದಿನ ಮಗನ ನೋಟ್‌ಬುಕ್ ತೋರಿಸಿದರು. ಕ ಅಂದರೆ ಕಿಲೋ. ಗ ಅಂದರೆ ಗಾಲ್ಫ್. ಟ ಅಂದರೆ ಟ್ಯಾಂಗೋ. ರ ಮುಂದೆ ರೋಮಿಯೋ ಅಂತ ಬರೆದು, ಪಕ್ಕದಲ್ಲಿ ಒಂದು ವಿಮಾನದ ಚಿತ್ರ. ತಪ್ಪು ಅನ್ನೋಕೂ ಆಗಲ್ಲ ಅಂತ ಮೇಷ್ಟ್ರು ಅರ್ಧ ಮಾರ್ಕು ಕೊಟ್ಟಿದ್ದರು. ಇಂಗ್ಲಿಷ್ ಅಂಕಿಗಳಲ್ಲೂ ಅದೇ ಕಥೆ. ರೇಡಿಯೋದಲ್ಲಿ ನಾವು ಮೂರಕ್ಕೆ ಟ್ರೀ, ಐದಕ್ಕೆ ಫೈಫ್, ಒಂಬತ್ತಕ್ಕೆ ನೈನರ್ ಅನ್ನುತ್ತೇವೆ, ಗದ್ದಲದಲ್ಲಿ ತಪ್ಪು ಕೇಳಿಸಬಾರದು ಅಂತ. ಇವನು ಸ್ಕೂಲಿನಲ್ಲಿ ಮಗ್ಗಿಯನ್ನೇ ಹಾಗೆ ಹೇಳಿ, ಮಾತಿನ ತೊಂದರೆ ಇರಬಹುದು ಅಂತ ಮನೆಗೆ ಚೀಟಿ ಬಂತು.

ಕಾಕ್‌ಪಿಟ್‌ನಲ್ಲಿ ಇಬ್ಬರು ಪೈಲಟ್‌ಗಳು ಒಂದೇ ಊಟ ಮಾಡಲ್ಲ ಅಂತ ಅವನಿಗೆ ಹೇಳಿದ್ದೂ ನನ್ನ ತಪ್ಪೇ. ಅಕ್ಕ ತರಕಾರಿ ತಿಂದಳು, ಸೇಫ್ಟಿಗೆ ನನಗೆ ಬೇರೆ ಬೇಕು ಅಂತ ತಟ್ಟೆ ದೂಡುತ್ತಿದ್ದ.

ಒಂದು ಸಲ ನನ್ನ ಫಸ್ಟ್ ಆಫೀಸರ್ ಕನ್ನಡದವನೇ. ಲಂಡನ್ ಫ್ಲೈಟು. 10,000 ಅಡಿ ಕೆಳಗೆ ಬೇಡದ ಮಾತು ಆಡುವ ಹಾಗಿಲ್ಲ, ಅದು ನಿಯಮ. ಇಬ್ಬರೂ ಬಾಯಿ ಬಿಗಿ ಹಿಡಿದು ಕೂತಿದ್ದೆವು. ಮೇಲೆ ಹೋದ ಮೇಲೆ ಪ್ರಯಾಣಿಕರಿಗೆ ಸ್ವಾಗತ ಹೇಳಿದೆ. ಹೇಳಿ ಮುಗಿಸಿ ಅವನ ಕಡೆ ತಿರುಗಿ, ಬರುವ ಅವಸರದಲ್ಲಿ ಹೆಂಡತಿಗೆ ಹೇಳದೇ ಬಂದೆ, ಮಗಳ ಈಜಿನ ಕ್ಲಾಸಿಗೆ ದುಡ್ಡು ಕಟ್ಟೋದೂ ಮರೆತೆ, ಇವತ್ತು ನನ್ನ ಕಥೆ ಮುಗೀತು ಅಂತೆಲ್ಲ ತೋಡಿಕೊಂಡೆ. ಹೆಬ್ಬೆರಳು ಹ್ಯಾಂಡ್‌ಸೆಟ್ಟಿನ ಬಟನ್ ಮೇಲೇ ಇತ್ತು. ಇಡೀ ವಿಮಾನ ಕೇಳಿಸಿಕೊಂಡಿದೆ. ಯಾರಿಗೂ ಅರ್ಥ ಆಗಿರಲ್ಲ ಅಂತ ಸಮಾಧಾನ ಮಾಡಿಕೊಂಡೆ. ಲಂಡನ್‌ನಲ್ಲಿ ಇಳಿಯುವಾಗ ಒಬ್ಬರು ಅಜ್ಜಿ ಬಾಗಿಲ ಹತ್ತಿರ ನಿಂತು, "ಮೊದ್ಲು ಹೆಂಡ್ತಿಗೊಂದು ಫೋನ್ ಮಾಡಪ್ಪ" ಅಂದರು.

ಮಾಡಿದೆ. ಆಗಲೇ ಅವಳು ಹೊಸ ಪದ್ಧತಿ ಶುರು ಮಾಡಿದ್ದು. ನಮಗೆ ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್, ಅಂದರೆ ನಕಲಿ ಕಾಕ್‌ಪಿಟ್‌ನಲ್ಲಿ ಪರೀಕ್ಷೆ ಇರುತ್ತದೆ, ಎಂಜಿನ್‌ಗೆ ಬೆಂಕಿ ಹತ್ತಿಸಿ ಏನು ಮಾಡ್ತೀಯ ಅಂತ ನೋಡ್ತಾರೆ. ಮನೆಯಲ್ಲೂ ಇಡ್ತೀನಿ ಅಂದಳು. ಊಟದ ಮೇಜು, ಮಕ್ಕಳು ಎದುರಿಗೆ, ಕೈಯಲ್ಲಿ ಪೆನ್ನು. ಮಗ ಯಾವ ಸೆಕ್ಷನ್? ಮಗಳ ಕ್ಲಾಸ್ ಟೀಚರ್ ಹೆಸರೇನು? ಯಾರಿಗೆ ಯಾವ ಮಾತ್ರೆ ಒಗ್ಗಲ್ಲ? ಮೊದಲ ಸಲ ಹತ್ತಕ್ಕೆ ನಾಲ್ಕು. ಎಂಜಿನ್ ಬೆಂಕಿಯಲ್ಲಿ ಯಾವತ್ತೂ ಫೇಲಾಗದವನು ಇಲ್ಲಿ ಫೇಲಾದೆ. ಮಗ ಬಿದ್ದು ಬಿದ್ದು ನಕ್ಕ. ಮಗಳು ನಗಲಿಲ್ಲ. ಆ ಮುಖ ಇನ್ನೂ ನೆನಪಿದೆ. ಆಮೇಲೆ ನಾನು ಸಿಮ್ಯುಲೇಟರ್‌ಗಿಂತ ಇದಕ್ಕೇ ಜಾಸ್ತಿ ಓದುತ್ತಿದ್ದೆ.

ಸುಮ್ನೆ ಹೆದರಬೇಡಿ. ವೀಸಾ ಕೆಲಸಕ್ಕೆ ಅಂಟಿಕೊಂಡಿರುತ್ತದೆ, ಏರ್‌ಲೈನ್‌ನಲ್ಲಿ 65ಕ್ಕೆ ಹಾರಾಟ ಮುಗಿಯುತ್ತದೆ, ಹಾಗಾಗಿ ಮುಂದೆ ಎಲ್ಲಿರೋದು ಅಂತ ಮೊದಲೇ ಮಾತಾಡಿಕೊಳ್ಳಿ. ಉಳಿದದ್ದು ರೋಸ್ಟರ್. ಮೊದಲ ತಿಂಗಳದ್ದು ಬಂದ ತಕ್ಷಣ ದುಬೈ ಟೈಮಿಗೆ ಬದಲಾಯಿಸಿ ಫ್ರಿಡ್ಜ್ ಮೇಲೆ ಅಂಟಿಸಿ. ಗೊಂದಲವಾದರೆ ನನಗೆ ಕೇಳಿ, ಕೂಡಿಸಿ ಕೊಡ್ತೀನಿ. ತಾರೀಖು ಮಾತ್ರ ನನ್ನ ಹೆಂಡತಿ ಹತ್ತಿರ ಇನ್ನೊಂದು ಸಲ ಚೆಕ್ ಮಾಡಿಸಿ.