ನಿವೃತ್ತಿ ನಂತರ ಸೈಕಲ್ ತುಳಿಯಲು ಯಾವ ಊರು? ಮ್ಯಾಡಿಸನ್, ಲಾ ಕ್ರಾಸ್, ಆಂಕೆನಿ

ಪ್ರಶ್ನೆ:
ನಮಸ್ಕಾರ. ನನಗೆ 64, ಹೆಂಡತಿಗೆ 61. ಚಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ 26 ವರ್ಷದಿಂದ ಇದ್ದೇವೆ. ಮುಂದಿನ ವರ್ಷ 65 ತುಂಬಿದ ಮೇಲೆ ಕೆಲಸ ಬಿಡುತ್ತೇನೆ. ಮಕ್ಕಳು ಚಿಕಾಗೋದಲ್ಲೇ ಇದ್ದಾರೆ. ಮನೆ ದೊಡ್ಡದು, ಪ್ರಾಪರ್ಟಿ ಟ್ಯಾಕ್ಸ್ ವಿಪರೀತ. ಮಂಡಿ ನೋವಿಗೆ ಅಂತ ಶುರು ಮಾಡಿದ ಸೈಕಲ್ ಈಗ ದಿನಚರಿಯಾಗಿದೆ. ವಿಸ್ಕಾನ್ಸಿನ್‌ನ ಮ್ಯಾಡಿಸನ್, ಲಾ ಕ್ರಾಸ್, ಅಯೋವಾದ ಡಿ ಮೋಯ್ನ್ ಹತ್ತಿರದ ಆಂಕೆನಿ, ಈ ಮೂರು ಮನಸ್ಸಿನಲ್ಲಿವೆ. ಅಯೋವಾದಲ್ಲಿ ನಿವೃತ್ತರಿಗೆ ತೆರಿಗೆ ಇಲ್ಲ ಅಂತ ಕೇಳಿದೆ. ಯಾವುದು ಒಳ್ಳೆಯದು?

ಉತ್ತರ (ನಿವೃತ್ತಿ ಯೋಜನೆ ಸಲಹೆಗಾರ, ಆಂಕೆನಿ):
ನಾನು ಇದೇ ಕೆಲಸ ಮಾಡುವವನು, ಸೈಕಲ್ ಹುಚ್ಚೂ ಇದೆ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ತೆರಿಗೆ ವಿಷಯ ಮೊದಲು ಮುಗಿಸೋಣ. 2023ರಿಂದ ಅಯೋವಾದಲ್ಲಿ 55 ತುಂಬಿದವರ ಪಿಂಚಣಿಗೆ, 401ಕೆ (ಕೆಲಸದಲ್ಲಿದ್ದಾಗ ಕೂಡಿಟ್ಟ ನಿವೃತ್ತಿ ಉಳಿತಾಯ) ಹಣಕ್ಕೆ ರಾಜ್ಯದ ತೆರಿಗೆ ಇಲ್ಲ, ನಿಜ. ಆದರೆ ನಿಮ್ಮ ನೇಪರ್‌ವಿಲ್ ಇರುವ ಇಲಿನಾಯ್‌ನಲ್ಲೂ ಇಲ್ಲ! ನೀವು ಈಗಾಗಲೇ ಆ ಅನುಕೂಲದಲ್ಲೇ ಇದ್ದೀರಿ. ವಿಸ್ಕಾನ್ಸಿನ್ ಸೋಷಿಯಲ್ ಸೆಕ್ಯುರಿಟಿಯನ್ನು (ಫೆಡರಲ್ ಸರ್ಕಾರದ ಪಿಂಚಣಿ) ಮುಟ್ಟುವುದಿಲ್ಲ, 401ಕೆ ಹಣಕ್ಕೆ ಮಾತ್ರ ವಯಸ್ಸು, ಮೊತ್ತ ನೋಡಿ ತೆರಿಗೆ ಹಾಕುತ್ತದೆ. ನಿಮಗೆ ಉಳಿತಾಯ ಅಂತ ಆಗುವುದು ಚಿಕ್ಕ ಮನೆಯಿಂದ, ಅದರ ಪ್ರಾಪರ್ಟಿ ಟ್ಯಾಕ್ಸ್‌ನಿಂದ. ಮ್ಯಾಡಿಸನ್‌ನಲ್ಲಿ ಮನೆ ಬೆಲೆ ಈ ಮೂರರಲ್ಲಿ ಎಲ್ಲಕ್ಕಿಂತ ಜಾಸ್ತಿ. ಕೆರೆಗಳ ಸುತ್ತ ದಾರಿ ಚೆನ್ನಾಗಿದೆ, ಯೂನಿವರ್ಸಿಟಿ ಆಸ್ಪತ್ರೆ ಊರೊಳಗೇ ಇದೆ. ಆದರೆ ಹಣ ಉಳಿಸೋಕೆ ಅಂತ ಅಲ್ಲಿಗೆ ಹೋಗಬೇಡಿ.

ಇನ್ನು ಸೈಕಲ್. ಗ್ಯಾರೇಜ್ ಬಾಗಿಲು ತೆಗೆದು, ಕಾರಿಗೆ ಸೈಕಲ್ ಕಟ್ಟದೆ, ಸೀದಾ ಟ್ರೇಲ್ (ಕಾರುಗಳಿಲ್ಲದ ಸೈಕಲ್ ದಾರಿ) ಸೇರುವ ಹಾಗಿರಬೇಕು. ನನ್ನ ಹತ್ತಿರ ಬರುವ ಒಂದು ದಂಪತಿ ಒಳ್ಳೆ ಟ್ರೇಲ್ ಇರುವ ಊರು ಅಂತಲೇ ಮನೆ ತಗೊಂಡರು. ಟ್ರೇಲ್‌ಗೆ ಒಂಬತ್ತು ಮೈಲಿ, ಅದೂ ಹೆದ್ದಾರಿಯಲ್ಲಿ. ಮೊದಲ ಬೇಸಿಗೆ ವಾರಕ್ಕೆ ನಾಲ್ಕು ಸಲ ಹೋದರು, ಮುಂದಿನ ಬೇಸಿಗೆ ಒಂದು ಸಲ. ಈಗ ಸೈಕಲ್‌ಗಳು ಗೋಡೆಗೆ ನೇತಾಡುತ್ತಿವೆ. ನನಗೆ ಅದು ನೋಡಿ ತುಂಬಾ ಬೇಜಾರಾಗುತ್ತದೆ.

ಲಾ ಕ್ರಾಸ್ ಕಡೆಯ ಟ್ರೇಲ್‌ಗಳು ಹಳೆಯ ರೈಲು ದಾರಿಗಳು. ರೈಲು ಕಡಿದಾದ ಏರು ಹತ್ತಲಾರದು, ಹಾಗಾಗಿ ಏರು ಬಹಳ ಸಣ್ಣದು. ನಿಮ್ಮ ಮಂಡಿಗೆ ಇದಕ್ಕಿಂತ ಒಳ್ಳೆಯದು ಬೇಕಾ? ಹತ್ತಿರದ ಸ್ಪಾರ್ಟಾದಿಂದ ಎಲ್‌ರಾಯ್‌ವರೆಗೆ 32 ಮೈಲಿ, ನಡುವೆ ಮೂರು ಸುರಂಗ. ಅದರಲ್ಲಿ ಉದ್ದನೆಯದು ಮುಕ್ಕಾಲು ಮೈಲಿ. ಇಳಿದು, ಟಾರ್ಚ್ ಹಿಡಿದು, ಸೈಕಲ್ ತಳ್ಳಿಕೊಂಡು ನಡೆಯಬೇಕು. ಜುಲೈ ಸೆಕೆಯಲ್ಲೂ ಒಳಗೆ ಮೈ ನಡುಗುತ್ತದೆ, ತಲೆ ಮೇಲೆ ನೀರು ತೊಟ್ಟಿಕ್ಕುತ್ತದೆ. ಅಲ್ಲಿನ ದಾರಿ ಸುಣ್ಣದಕಲ್ಲಿನ ಪುಡಿಯದು. ಮಳೆ ಬಂದ ಮೇಲೆ ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ, ಅಗಲ ಟೈರ್ ಬೇಕು. ಟ್ರೇಲ್ ಬಿಟ್ಟು ಪಕ್ಕದ ರಸ್ತೆ ಹಿಡಿದರೆ ಮಾತ್ರ ಗುಡ್ಡಗಳು ಉಸಿರು ಕಟ್ಟಿಸುತ್ತವೆ. ಊರಿನಲ್ಲಿ ಎರಡು ದೊಡ್ಡ ಆಸ್ಪತ್ರೆಗಳಿವೆ. ಆಮ್‌ಟ್ರ್ಯಾಕ್ ರೈಲಿನಲ್ಲಿ ಸುಮಾರು ಐದು ಗಂಟೆಗೆ ಚಿಕಾಗೋ. ಮಕ್ಕಳನ್ನು ನೋಡೋಕೆ ಇದು ದೊಡ್ಡ ಅನುಕೂಲ ಅಲ್ವಾ?

ನಮ್ಮ ಆಂಕೆನಿಯಿಂದ ವುಡ್‌ವರ್ಡ್‌ವರೆಗೆ ಹೈ ಟ್ರೆಸಲ್ ಟ್ರೇಲ್, 25 ಮೈಲಿ, ಪೂರ್ತಿ ಡಾಂಬರು, ಕಾಂಕ್ರೀಟು. ಸಾಯಂಕಾಲ ಡಿ ಮೋಯ್ನ್ ನದಿ ಮೇಲಿನ ಅರ್ಧ ಮೈಲಿ ಸೇತುವೆ ಮೇಲೆ ನಿಂತು ನೋಡಿ. ಕೆಳಗೆ 13 ಮಹಡಿ ಆಳದಲ್ಲಿ ನೀರು. ಕತ್ತಲಾಗುತ್ತಿದ್ದಂತೆ ತಲೆ ಮೇಲಿನ ಓರೆ ಉಕ್ಕಿನ ಚೌಕಟ್ಟುಗಳಿಗೆ ನೀಲಿ ದೀಪ ಹತ್ತುತ್ತದೆ. ಆ ಚೌಕಟ್ಟುಗಳು ಇಲ್ಲಿನ ಹಳೆಯ ಕಲ್ಲಿದ್ದಲು ಗಣಿಗಳ ನೆನಪಿಗೆ. ದಾರಿಯಲ್ಲಿ ಸಿಗುವ ಮ್ಯಾಡ್ರಿಡ್ ಊರಿನ ಹೊರಗೆ ಅಯೋವಾದ ಹಿಂದೂ ದೇವಸ್ಥಾನ ಇದೆ. ಟ್ರೇಲ್ ಬಿಟ್ಟು ಸ್ವಲ್ಪ ರಸ್ತೆ ತುಳಿಯಬೇಕು, ಅಷ್ಟೇ. ಕಷ್ಟ ಅಂದರೆ ಗಾಳಿ. ಬಯಲು ಪ್ರದೇಶ, ತಡೆಯೋಕೆ ಏನೂ ಇಲ್ಲ. ಹೋಗುವಾಗ ಎದುರುಗಾಳಿ ಇರಲಿ, ಬರುವಾಗ ಅದೇ ನಿಮ್ಮನ್ನು ತಳ್ಳಿಕೊಂಡು ಬರುತ್ತದೆ.

ನೀವು ಕೇಳದ ಒಂದು ಮುಖ್ಯ ವಿಷಯ. ನಿಮಗೆ 65ಕ್ಕೆ ಮೆಡಿಕೇರ್ (ಹಿರಿಯರಿಗೆ ಸರ್ಕಾರದ ಆರೋಗ್ಯ ವಿಮೆ) ಸಿಗುತ್ತದೆ, ಮನೆಯವರಿಗೆ ಇನ್ನೂ ಮೂರು ವರ್ಷ ಇಲ್ಲ. ಅಲ್ಲಿವರೆಗಿನ ಅವರ ವಿಮೆಯ ಕಂತು ಎಷ್ಟು ಅಂತ ಮೂರೂ ಊರಿಗೆ ಬೇರೆ ಬೇರೆ ಲೆಕ್ಕ ಹಾಕಿಸಿ. ನೀವೂ ಅವಸರದಲ್ಲಿ ಮೆಡಿಕೇರ್ ಅಡ್ವಾಂಟೇಜ್ (ಮೆಡಿಕೇರ್ ಬದಲು ಖಾಸಗಿ ಕಂಪನಿ ನಡೆಸುವ ಯೋಜನೆ) ತಗೋಬೇಡಿ. ಅದು ಕೌಂಟಿ ಲೆಕ್ಕದ್ದು, ಊರು ಬಿಟ್ಟರೆ ಬದಲಾಯಿಸಬೇಕಾಗುತ್ತದೆ. ಮೆಡಿಗ್ಯಾಪ್ (ಮೆಡಿಕೇರ್ ಕೊಡದ ಖರ್ಚು ತುಂಬುವ ಖಾಸಗಿ ವಿಮೆ) ಬೇಕಿದ್ದರೆ, 65 ತುಂಬಿ ಪಾರ್ಟ್ ಬಿ (ಮೆಡಿಕೇರ್‌ನ ಡಾಕ್ಟರ್ ಖರ್ಚಿನ ಭಾಗ) ಶುರುವಾದ ಮೊದಲ ಆರು ತಿಂಗಳಲ್ಲಿ ಆರೋಗ್ಯದ ಬಗ್ಗೆ ಪ್ರಶ್ನೆ ಕೇಳದೆ ಕೊಡುತ್ತಾರೆ. ಆ ಅವಧಿ ಕಳೆದುಕೊಳ್ಳಬೇಡಿ.

ಪ್ರಶ್ನೆ ಕೇಳಿದವರ ಪತ್ನಿ:
ನಾನು ಸೈಕಲ್ ತುಳಿಯೋಲ್ಲ. ಇವರು ಬೆಳಿಗ್ಗೆ ಮೂರು ಗಂಟೆ ಟ್ರೇಲ್‌ನಲ್ಲಿದ್ದರೆ ಆ ಹೊತ್ತು ನಾನು ಏನು ಮಾಡಲಿ? ಇಲ್ಲಿ ಕನ್ನಡ ಕೂಟದ ಗೆಳತಿಯರಿದ್ದಾರೆ, ಅರೋರಾದ ಬಾಲಾಜಿ ದೇವಸ್ಥಾನ ಇದೆ. ಚಳಿಗಾಲ ನೆನೆಸಿಕೊಂಡರೇ ಭಯ.

ಉತ್ತರ:
ಅಮ್ಮಾ, ನಾನು ಇದನ್ನೇ ಮೊದಲು ಕೇಳಬೇಕಿತ್ತು. ತಪ್ಪು ನನ್ನದು. ನಿಮಗೆ ಊರು ಹಿಡಿಸದಿದ್ದರೆ ಅವರ ಸೈಕಲ್‌ಗೂ ಅರ್ಥವಿಲ್ಲ. ಊರು ನೋಡೋಕೆ ಜೂನ್‌ನಲ್ಲಿ ಬರಬೇಡಿ. ಜೂನ್‌ನಲ್ಲಿ ಎಲ್ಲ ಊರೂ ಚೆನ್ನ. ಜನವರಿ ಕೊನೆಯಲ್ಲಿ ಆರು ವಾರ ಬಾಡಿಗೆ ಮನೆ ಹಿಡಿಯಿರಿ. ತರಕಾರಿ ತನ್ನಿ, ಡಾಕ್ಟರ್ ಅಪಾಯಿಂಟ್‌ಮೆಂಟ್ ಕೇಳಿ ನೋಡಿ, ಲೈಬ್ರರಿಗೆ ಹೋಗಿ. ಒಬ್ಬರಾದರೂ ನಿಮ್ಮನ್ನು ಕಾಫಿಗೆ ಕರೆಯುತ್ತಾರಾ ನೋಡಿ. ನೇಪರ್‌ವಿಲ್ ಮನೆ ಈಗಲೇ ಮಾರಬೇಕಿಲ್ಲ. ಮಾರುವ ಮುಂಚಿನ 5 ವರ್ಷದಲ್ಲಿ 2 ವರ್ಷ ನೀವೇ ವಾಸವಿದ್ದರೆ, ಗಂಡ ಹೆಂಡತಿಗೆ ಸೇರಿ 5 ಲಕ್ಷ ಡಾಲರ್‌ವರೆಗಿನ ಲಾಭಕ್ಕೆ ಫೆಡರಲ್ ತೆರಿಗೆ ಇಲ್ಲ. ಹಾಗಾಗಿ ಯೋಚಿಸೋಕೆ ಟೈಮ್ ಇದೆ.

ಪ್ರಶ್ನೆ ಕೇಳಿದವರು:
ಇಬ್ಬರೂ ಕೂತು ಮಾತಾಡಿದೆವು. ಜನವರಿ 20ಕ್ಕೆ ಆಂಕೆನಿಯಲ್ಲಿ ಮೂರು ವಾರ, ಆಮೇಲೆ ಲಾ ಕ್ರಾಸ್‌ನಲ್ಲಿ ಮೂರು ವಾರ. ಊರು ಆರಿಸುವವಳು ಅವಳು. ಟ್ರೇಲ್ ಹತ್ತಿರದ ಬೀದಿ ಹುಡುಕುವುದು ನನ್ನ ಕೆಲಸ.