ವರ್ಷಗಟ್ಟಲೆ ನಿಂತ 125 ಸಿಸಿ ಬೈಕು, ಕಡಿಮೆ ಖರ್ಚಲ್ಲಿ ಎಬ್ಬಿಸಬೇಕು: ಎಲ್ಲಿಂದ ಶುರು ಮಾಡಲಿ?

ಹೊಸಪಾನಾ (ಪ್ರಶ್ನೆ)

ಹಳೇ 125 ಸಿಸಿ, ಫೋರ್ ಸ್ಟ್ರೋಕ್, ಏರ್ ಕೂಲ್ಡ್, ಕಾರ್ಬುರೇಟರ್ ಬೈಕು. ಸೂರಿನಡಿಯಲ್ಲೇ ನಿಂತಿತ್ತು, ಆದ್ರೆ ಟ್ಯಾಂಕಲ್ಲಿ ಅರ್ಧ ಪೆಟ್ರೋಲ್ ಹಾಗೇ ಬಿಟ್ಟಿದ್ರು. ಈಗ ಅದು ಜೇನುಬಣ್ಣಕ್ಕೆ ತಿರುಗಿ ನಾರ್ತಿದೆ, ಟ್ಯಾಂಕ್ ಒಳಗೆ ತುಕ್ಕು. ಕಿಕ್ಕರ್ ಅರ್ಧ ಇಂಚು ಇಳಿದು ಅಲ್ಲೇ ನಿಲ್ತದೆ. ಬ್ಯಾಟರಿ ಸತ್ತಿದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್, ಎರಡೂ ಹಿಡಿದುಕೊಂಡಿವೆ. ಟೈರಿನ ಪಕ್ಕದ ಗೋಡೆಯಲ್ಲಿ ಸಣ್ಣ ಬಿರುಕುಗಳು. ದಾಖಲೆ ಪತ್ರ ಸರಿಯಿದೆ.

ನನ್ನ ಹತ್ರ ಇರೋದು ಪಾನಾ ಸೆಟ್ಟು, ಮಲ್ಟಿಮೀಟರು ಅಷ್ಟೇ. ಎಂಜಿನ್ ಪೂರ್ತಿ ಬಿಚ್ಚಲೇಬೇಕಾ? ಟ್ಯಾಂಕಿನ ತುಕ್ಕಿಗೆ ಮನೇಲೇ ಏನಾದ್ರೂ ದಾರಿ ಇದೆಯಾ? ಇರೋ ಸ್ವಲ್ಪ ದುಡ್ಡನ್ನ ಮೊದಲು ಯಾವುದಕ್ಕೆ ಹಾಕಲಿ? ಮೊದಲು ಪೇಂಟ್ ಮಾಡಿಸಿಬಿಟ್ರೆ ಕೆಲಸ ಮಾಡೋಕೆ ಹುರುಪು ಬರ್ತದೆ ಅಂತ ಒಂದು ಯೋಚನೆ.

ಟ್ಯಾಪೆಟ್‌ಪ್ರಿಯ

ಬಿಚ್ಚಬೇಡಿ. ಕನಿಷ್ಠ ಈಗಲೇ ಬೇಡ. ಬಿಚ್ಚಿದ ಕೂಡಲೇ ಗ್ಯಾಸ್ಕೆಟ್, ಸೀಲು, ರಿಂಗು ಅಂತ ಪಟ್ಟಿ ಬೆಳೀತದೆ, ಅದರಲ್ಲಿ ಅರ್ಧ ನಿಮ್ಮ ಎಂಜಿನ್ನಿಗೆ ಬೇಕೇ ಇರಲ್ಲ.

ಕಿಕ್ಕರ್ ಮೇಲೆ ನಿಂತು ತುಳಿಯೋದನ್ನ ಇವತ್ತೇ ನಿಲ್ಲಿಸಿ. ಜಾಮ್ ಆಗಿರೋದು ಪಿಸ್ಟನ್, ಮುರಿಯೋದು ಕಿಕ್ ಗೇರಿನ ಹಲ್ಲು. ಬೈಕ್ ನಿಲ್ಲಿಸಿದಾಗ ಒಂದು ವಾಲ್ವು ತೆರೆದಿದ್ದರೆ ಅದರ ಮೂಲಕ ತೇವದ ಗಾಳಿ ಸಿಲಿಂಡರಿಗೆ ನುಗ್ಗಿ, ರಿಂಗು ಮತ್ತು ಕಬ್ಬಿಣದ ಲೈನರ್ ನಡುವೆ ತುಕ್ಕು ಕಟ್ಟುತ್ತದೆ. ನಿಂತ ಎಂಜಿನ್ ಹಿಡಿದುಕೊಳ್ಳೋಕೆ ಹೆಚ್ಚಾಗಿ ಇದೇ ಕಾರಣ.

ಪ್ಲಗ್ ಬಿಚ್ಚುವ ಮೊದಲು ಅದರ ಸುತ್ತ ಕೂತ ಮಣ್ಣನ್ನ ಬ್ರಷ್ಷಲ್ಲಿ ತೆಗೆಯಿರಿ, ಇಲ್ಲಾಂದ್ರೆ ಅಷ್ಟೂ ಒಳಗೆ ಬೀಳ್ತದೆ. ಆಮೇಲೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ ಮತ್ತು ಅಸಿಟೋನ್ ಸಮಭಾಗ ಬೆರೆಸಿ 20ರಿಂದ 30 ಮಿಲೀ ರಂಧ್ರದಿಂದ ಸುರಿಯಿರಿ. ಅಸಿಟೋನ್ ಪೇಂಟನ್ನೂ ತಿನ್ನುತ್ತದೆ, ಬೆಂಕಿಯೂ ಬೇಗ ಹಿಡಿಯುತ್ತದೆ, ಜೋಪಾನ. ಅದು ಸಿಗದಿದ್ದರೆ ಡೀಸೆಲ್ ಜೊತೆ ಎಂಜಿನ್ ಆಯಿಲ್ ಸಾಕು, ಕಾಯೋದು ಹೆಚ್ಚಾಗ್ತದೆ ಅಷ್ಟೇ. ಎರಡು ಮೂರು ದಿನ ಬಿಟ್ಟು, ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನ ಕೈಯಲ್ಲಿ ಹಿಂದೆ ಮುಂದೆ ಅಲುಗಾಡಿಸಿ (ಹಿಡಿದಿರೋ ಡ್ರಮ್ ಬ್ರೇಕನ್ನ ಅದಕ್ಕೂ ಮೊದಲು ಸಡಿಲ ಮಾಡಿಕೊಳ್ಳಿ). ಮ್ಯಾಗ್ನೆಟ್ (ಕ್ರ್ಯಾಂಕ್ ತುದಿಯಲ್ಲಿ ಸುತ್ತೋ ಚಕ್ರ) ಕವರ್ ತೆಗೆದು ಕ್ರ್ಯಾಂಕ್ ನಟ್ಟಿಂದಲೂ ತಿರುಗಿಸಬಹುದು. ನಟ್ ಮಾತ್ರ ಸಡಿಲಾಗ್ತಿದೆ ಅನ್ನಿಸಿದ್ರೆ ಅದನ್ನ ಬಿಟ್ಟು ಚಕ್ರಕ್ಕೇ ಬನ್ನಿ. ಕೂದಲೆಳೆಯಷ್ಟು ಅಲುಗಿದರೂ ಸಾಕು, ಮತ್ತೆ ಎಣ್ಣೆ, ಮತ್ತೆ ಕಾಯಿರಿ.

ಬಿಡುಗಡೆಯಾದ ಖುಷಿಯಲ್ಲಿ ಪ್ಲಗ್ ಹಾಕಿ ಕಿಕ್ ಹೊಡೆಯಬೇಡಿ. ಲೆಕ್ಕ ನೋಡಿ: 125 ಸಿಸಿ, ಕಂಪ್ರೆಷನ್ ಅನುಪಾತ 9.5 ಇದ್ದರೆ ಪಿಸ್ಟನ್ ಮೇಲಿನ ತುದಿಗೆ ಬಂದಾಗ ಉಳಿಯೋ ಜಾಗ 15 ಮಿಲೀಗಿಂತ ಕಡಿಮೆ. ನೀವು ಸುರಿದಿರೋದು ಅದಕ್ಕಿಂತ ಜಾಸ್ತಿ. ದ್ರವ ಒತ್ತಿದರೆ ಕುಗ್ಗಲ್ಲ, ಕನೆಕ್ಟಿಂಗ್ ರಾಡ್ ಬಾಗ್ತದೆ. ಪ್ಲಗ್ ರಂಧ್ರದ ಮೇಲೆ ಬಟ್ಟೆ ಹಿಡಿದು, ಮುಖ ದೂರ ಇಟ್ಟು, ಒಳಗಿರೋದೆಲ್ಲ ಹೊರಬರೋವರೆಗೆ ನಿಧಾನಕ್ಕೆ ಕಿಕ್ ಮಾಡಿ.

ರಿಂಗ್ ದಾಟಿ ಕೆಳಗಿಳಿದ ಅಸಿಟೋನ್ ಎಂಜಿನ್ ಆಯಿಲ್ ಜೊತೆ ಸೇರಿರ್ತದೆ. ಹಾಗಾಗಿ ಸ್ಟಾರ್ಟ್ ಮಾಡೋ ಮೊದಲೇ ಆಯಿಲ್ ಇಳಿಸಿ. ಹಾಲಿನ ಚಹಾ ಬಣ್ಣ ಕಂಡರೆ ನೀರು ಸೇರಿದೆ ಅಂತ ಅರ್ಥ. ಹೊಸ ಆಯಿಲ್ ಡಬ್ಬಿ ಮೇಲೆ ಜಾಸೊ ಎಂಎ ಅಥವಾ ಎಂಎ2 ಅಂತ ಇರಲೇಬೇಕು. ಘರ್ಷಣೆ ಇಳಿಸೋ ರಾಸಾಯನಿಕ ಇರೋ ಕಾರಿನ ಆಯಿಲ್ ಹಾಕಿದರೆ ಎಣ್ಣೆಯಲ್ಲೇ ಮುಳುಗಿರೋ ಕ್ಲಚ್ ಪ್ಲೇಟು ಜಾರೋಕೆ ಶುರುವಾಗ್ತದೆ. ಮೊದಲ ತುಂಬಿಕೆ ಅಗ್ಗದ್ದೇ ಇರಲಿ, ಅರ್ಧ ಗಂಟೆ ಎಂಜಿನ್ ಓಡಿದ ಮೇಲೆ ಅದನ್ನ ಚೆಲ್ಲೋದೇ.

ಪಿಸ್ಟನ್ ಬಿಟ್ಟ ಮೇಲೆ ಟ್ಯಾಪೆಟ್, ಅಂದರೆ ವಾಲ್ವು ಮತ್ತು ಅದನ್ನ ಒತ್ತೋ ರಾಕರ್ ನಡುವಿನ ಗ್ಯಾಪು ನೋಡಿ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಮ್ಯಾಗ್ನೆಟ್ಟಿನ ಟಿ ಗುರುತು (ಪಿಸ್ಟನ್ ಮೇಲಿನ ತುದಿಯಲ್ಲಿದೆ ಅಂತ ತೋರಿಸೋದು) ಎದುರಿಗೆ ಬಂದಿರಬೇಕು, ಎರಡೂ ರಾಕರ್ ಸಡಿಲ ಇರಬೇಕು. ಸಡಿಲ ಇಲ್ಲದಿದ್ದರೆ ಕ್ರ್ಯಾಂಕನ್ನ ಇನ್ನೊಂದು ಸುತ್ತು ತಿರುಗಿಸಿ. ಈ ಗಾತ್ರದ ಎಷ್ಟೋ ಎಂಜಿನ್ನಿಗೆ ಗ್ಯಾಪು 0.05ರಿಂದ 0.10 ಮಿಮೀ ಆಸುಪಾಸು, ಆದರೆ ನಿಮ್ಮ ಮಾಡೆಲ್ಲಿನ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ಸ್ವಲ್ಪ ಟಕಟಕ ಅಂದರೆ ಪರವಾಗಿಲ್ಲ. ಬಿಗಿಯಾದ ಎಕ್ಸಾಸ್ಟ್ ವಾಲ್ವು ಮಾತ್ರ ಸದ್ದಿಲ್ಲದೆ ಸುಟ್ಟುಹೋಗ್ತದೆ.

ಕಂಪ್ರೆಷನ್ ಗೇಜ್ ಎಲ್ಲಾದರೂ ಎರವಲು ಸಿಕ್ಕರೆ ಥ್ರಾಟಲ್ ಪೂರ್ತಿ ತಿರುಗಿಸಿ ಕಿಕ್ ಮಾಡಿ. ಚದರ ಸೆಂಮೀಗೆ 10 ಕೆಜಿ ಮೇಲಿದ್ದರೆ ನಿಶ್ಚಿಂತೆ. 7ಕ್ಕಿಂತ ಕಡಿಮೆ ಬಂದರೆ 5 ಮಿಲೀ ಆಯಿಲ್ ಹಾಕಿ ಮತ್ತೆ ನೋಡಿ: ಏರಿದರೆ ರಿಂಗು, ಏರದಿದ್ದರೆ ವಾಲ್ವು. ತುಂಬ ದಿನ ನಿಂತ ಎಂಜಿನ್ನಲ್ಲಿ ಮೊದಲ ಸಲ ಕಡಿಮೆ ತೋರಿಸಿ, ಒಂದಷ್ಟು ಓಡಿದ ಮೇಲೆ ತಾನೇ ಏರೋದೂ ಉಂಟು, ಗಾಬರಿಯಾಗಬೇಡಿ.

ತುಕ್ಕುವೈರಿ

ಟ್ಯಾಂಕಿಗೆ ಸಿಟ್ರಿಕ್ ಆಸಿಡ್. ಅಡುಗೆಗೆ ಬಳಸೋ ನಿಂಬೆ ಉಪ್ಪು, ಅದೇ. ಲೀಟರಿಗೆ 50ರಿಂದ 80 ಗ್ರಾಂ, ಬಿಸಿನೀರಲ್ಲಿ.

ಆದರೆ ಅದಕ್ಕೂ ಮುಂಚೆ ಪೆಟ್ರೋಲ್ ಕಾಕ್ ಮತ್ತು ಗೇಜಿನ ಫ್ಲೋಟ್ ಬಿಚ್ಚಿಡಿ. ಕಾಕ್ ಮಾಡಿರೋದು ಸತು ಮಿಶ್ರಲೋಹದಲ್ಲಿ, ಆಸಿಡ್ ಅದನ್ನ ಕಡಿದುಹಾಕ್ತದೆ. ರಂಧ್ರಗಳಿಗೆ ರಬ್ಬರ್ ಬಿರಡೆ ಬಿಗಿಯಿರಿ. ಮೊದಲು ಪಾತ್ರೆ ತೊಳೆಯೋ ಸೋಪು ಹಾಕಿ ಬಿಸಿನೀರಲ್ಲಿ ತೊಳೆಯಿರಿ, ಹಳೇ ಪೆಟ್ರೋಲಿನ ಅಂಟು ಉಳಿದಿದ್ದರೆ ಆಸಿಡ್ ತುಕ್ಕಿನವರೆಗೂ ಹೋಗಲ್ಲ. ಪದರ ಪದರ ತುಕ್ಕಿದ್ದರೆ ಹಳೇ ಚೈನಿನ ತುಂಡೊಂದನ್ನ ಒಳಗೆ ಬಿಟ್ಟು ಅಲ್ಲಾಡಿಸಿ. ನಟ್ಟು, ಜಲ್ಲಿ ಹಾಕೋರಿದ್ದಾರೆ, ಕೊನೆಗೆ ಒಂದೆರಡು ಒಳಗೇ ಸಿಕ್ಕಿಕೊಳ್ತವೆ. ಚೈನಾದರೆ ಇಡಿಯಾಗಿ ಹೊರಗೆ ಬರ್ತದೆ.

ದ್ರಾವಣವನ್ನ ಕುತ್ತಿಗೆವರೆಗೂ ತುಂಬಿ. ಅರ್ಧ ತುಂಬಿದರೆ ಮೇಲ್ಭಾಗದ ತುಕ್ಕು ಹಾಗೇ ಉಳೀತದೆ. ಆರು ಗಂಟೆಗೊಮ್ಮೆ ಟಾರ್ಚ್ ಬಿಟ್ಟು ನೋಡಿ, ಬೂದುಬಣ್ಣದ ಬರೀ ಲೋಹ ಕಂಡರೆ ಮುಗೀತು. ಒಂದು ದಿನ ಮೀರಿ ಬಿಡಬೇಡಿ. ಹೊರಗೆ ಚೆಲ್ಲಿದರೆ ಪೇಂಟ್ ಕಲೆಯಾಗ್ತದೆ, ತಕ್ಷಣ ನೀರು ಹಾಕಿ.

ಸೋಲೋದು ಹೆಚ್ಚಾಗಿ ಇದಾದ ಮೇಲಿನ ಹತ್ತು ನಿಮಿಷದಲ್ಲಿ. ಆಸಿಡ್ ಸುರಿದು, ಲೀಟರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿದ ನೀರಲ್ಲಿ ತೊಳೆದು, ಶುದ್ಧ ನೀರು ಹಾಕಿ, ಕೂಡಲೇ ಹೇರ್ ಡ್ರೈಯರಲ್ಲಿ ಒಣಗಿಸಬೇಕು. ಬರೀ ಲೋಹ ಒದ್ದೆ ಇದ್ದರೆ ಕಣ್ಣೆದುರೇ ಕಿತ್ತಳೆ ಬಣ್ಣ ಏಳ್ತದೆ. ಒಣಗಿದ ಮೇಲೆ ಸ್ವಲ್ಪ ಟೂ ಸ್ಟ್ರೋಕ್ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ ಎಲ್ಲ ಕಡೆ ತಾಗೋ ಹಾಗೆ ಹೊರಳಿಸಿ. ಹೇರ್ ಡ್ರೈಯರ್ ಅಂದೆ ಅಂತ, ಸೋಪಲ್ಲಿ ತೊಳೆಯದ ಟ್ಯಾಂಕಿಗೆ ಅದನ್ನ ಒಡ್ಡಬೇಡಿ. ಖಾಲಿ ಟ್ಯಾಂಕಿನ ಪೆಟ್ರೋಲ್ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯ.

ಶೌಚಾಲಯ ತೊಳೆಯೋ ಹೈಡ್ರೋಕ್ಲೋರಿಕ್ ಆಸಿಡ್ ಬೇಗ ಕೆಲಸ ಮಾಡ್ತದೆ ನಿಜ, ಒಳ್ಳೇ ಲೋಹವನ್ನೂ ಅಷ್ಟೇ ಬೇಗ ತಿಂದು ಬೆಸುಗೆ ಅಂಚಲ್ಲಿ ಸೂಜಿರಂಧ್ರ ಮಾಡ್ತದೆ. ಒಳಗೆ ಹಚ್ಚೋ ಸೀಲರ್ ಬಗ್ಗೆ ಕೇಳೋ ಮೊದಲೇ ಹೇಳ್ತೀನಿ: ತೂತಿಲ್ಲದ ಟ್ಯಾಂಕಿಗೆ ಬೇಡ. ತುಕ್ಕಿನ ಮೇಲೆ ಹಚ್ಚಿದ ಸೀಲರ್ ಹಾಳೆ ಹಾಳೆಯಾಗಿ ಎದ್ದು ಕಾರ್ಬುರೇಟರ್ ಸೇರ್ತದೆ.

ಕಾರ್ಬುರೇಟರಿನ ಸ್ಕ್ರೂ ಬಿಚ್ಚೋಕೆ ತುದಿಗೆ ಸರಿಯಾಗಿ ಕೂರೋ ಸ್ಕ್ರೂಡ್ರೈವರ್ ಬೇಕು. ಜಪಾನಿ ವಿನ್ಯಾಸದ ಬೈಕುಗಳಲ್ಲಿರೋದು ಜೆಐಎಸ್ ಪ್ಲಸ್ ಸ್ಕ್ರೂ, ಸಾಮಾನ್ಯ ಫಿಲಿಪ್ಸ್ ಅದರಲ್ಲಿ ಜಾರಿ ತಲೆ ಸವೆಸ್ತದೆ. ಮಿಶ್ರಣದ ಸ್ಕ್ರೂವನ್ನ (ಗಾಳಿ, ಪೆಟ್ರೋಲಿನ ಪ್ರಮಾಣ ಹೊಂದಿಸೋದು) ತೆಗೆಯೋ ಮೊದಲು ಒಳಮುಖ ಹಗುರಾಗಿ ತಾಗೋವರೆಗೆ ತಿರುಗಿಸಿ, ಎಷ್ಟು ಸುತ್ತು ಆಯ್ತು ಬರೆದಿಡಿ. ಮುಚ್ಚಿಕೊಳ್ಳೋದು ಹೆಚ್ಚಾಗಿ ಪೈಲಟ್ ಜೆಟ್ಟು (ರೇಸ್ ಕೊಡದೆ ಓಡುವಾಗ ಪೆಟ್ರೋಲ್ ಬಿಡೋ ಸಣ್ಣ ತೂತಿನ ತುಂಡು), ಅದರ ರಂಧ್ರ ಅರ್ಧ ಮಿಮೀ ಕೂಡ ಇರಲ್ಲ. ಬೆಳಕಿಗೆ ಹಿಡಿದಾಗ ದುಂಡಗೆ ಕಾಣಬೇಕು. ಕ್ಲೀನರಲ್ಲಿ ನೆನೆಸಿ, ಬಹು ಎಳೆ ತಾಮ್ರದ ವೈರಿನ ಒಂದೇ ಎಳೆಯಿಂದ ಚುಚ್ಚಿ. ಜೆಟ್ ಹಿತ್ತಾಳೆ, ಉಕ್ಕಿನ ಸೂಜಿ ತೂರಿಸಿದರೆ ರಂಧ್ರ ದೊಡ್ಡದಾಗಿ ಮಿಶ್ರಣವೇ ಬದಲಾಗ್ತದೆ. ಕಂಪ್ರೆಸರ್ ಇಲ್ಲದಿದ್ದರೆ ಕ್ಲೀನರ್ ಡಬ್ಬಿಯ ಕೊಳವೆ ಸಾಕು: ಒಂದು ದಾರಿಯಲ್ಲಿ ಹೊಡೆದದ್ದು ಇನ್ನೊಂದರಲ್ಲಿ ಚಿಮ್ಮಬೇಕು, ಕಣ್ಣಿಗೆ ಕನ್ನಡಕ ಇರಲಿ. ರಬ್ಬರ್ ಓರಿಂಗು, ಡಯಾಫ್ರಂ ಎಲ್ಲ ಮೊದಲೇ ತೆಗೆದಿಡಿ, ಕ್ಲೀನರ್ ತಾಗಿದರೆ ಉಬ್ಬಿಹೋಗ್ತವೆ.

ಮಲ್ಟಿಮೀಟರು

ವಿದ್ಯುತ್ತಿನ ಕಡೆ ಚಿಕ್ಕದಾಗಿ. ಬ್ಯಾಟರಿ ಚಾರ್ಜ್ ಮಾಡಿ ರಾತ್ರಿಯಿಡೀ ಬಿಡಿ, ಬೆಳಗ್ಗೆ 12.6 ವೋಲ್ಟ್ ಹತ್ರ ಇದ್ದರೆ ಬದುಕಿದೆ. 10.5 ಆಸುಪಾಸಲ್ಲೇ ನಿಂತರೆ ಒಂದು ಸೆಲ್ ಹೋಗಿದೆ, ಹೊಸದು ತನ್ನಿ. ಬ್ಯಾಟರಿ ಬಿಚ್ಚಿಟ್ಟು ಎಂಜಿನ್ ಓಡಿಸೋ ಅಭ್ಯಾಸ ಬೇಡ, ವೋಲ್ಟೇಜ್ ಜಿಗಿದು ಬಲ್ಬು, ರೆಗ್ಯುಲೇಟರ್ ಹೋಗ್ತವೆ.

ಕಿಡಿ ಬರದಿದ್ದರೆ ಸಿಡಿಐ (ಕಿಡಿ ನಿಯಂತ್ರಿಸೋ ಎಲೆಕ್ಟ್ರಾನಿಕ್ ಪೆಟ್ಟಿಗೆ) ತರೋಕೆ ಓಡಬೇಡಿ. ಮೊದಲು ಕಿಲ್ ಸ್ವಿಚ್, ಆಮೇಲೆ ಫ್ರೇಮಿಗೆ ಬಿಗಿದ ಅರ್ತ್ ವೈರು, ಆಮೇಲೆ ಪ್ಲಗ್ ಕ್ಯಾಪು. ರೆಸಿಸ್ಟರ್ ಇರೋ ಕ್ಯಾಪು ಸುಮಾರು 5 ಕಿಲೋ ಓಮ್ ತೋರಿಸಬೇಕು, ಏನೂ ತೋರಿಸದಿದ್ದರೆ ಅದೇ ಕಳ್ಳ. ಕಿಡಿ ನೋಡುವಾಗ ಪ್ಲಗ್ಗಿನ ಲೋಹ ಎಂಜಿನ್ನಿಗೆ ಗಟ್ಟಿಯಾಗಿ ತಾಗಿರಲಿ, ಇಲ್ಲದಿದ್ದರೆ ಒಳ್ಳೇ ಸಿಡಿಐ ಕೂಡ ಸುಡಬಹುದು. ಪ್ಲಗ್ ರಂಧ್ರದಿಂದ ದೂರ ಹಿಡಿಯಿರಿ, ಅಲ್ಲಿಂದ ಪೆಟ್ರೋಲ್ ಆವಿ ಬರ್ತಿರ್ತದೆ.

ಸ್ಟಾರ್ಟ್ ಆದ ಮೇಲೆ ಸ್ವಲ್ಪ ರೇಸ್ ಕೊಟ್ಟು ಬ್ಯಾಟರಿ ತುದಿಯಲ್ಲಿ ಅಳೆಯಿರಿ: 13.5ರಿಂದ 14.5 ಸರಿ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ವೈರಿಂಗ್ ಕತ್ತರಿಸಿ ಟೇಪ್ ಸುತ್ತೋ ಬದಲು ಕನೆಕ್ಟರ್ ಒಂದೊಂದೇ ಬಿಡಿಸಿ ಹಸಿರು ಪಾಚಿ ಉಜ್ಜಿ, ಅರ್ಧ ಕಾಯಿಲೆ ಅಲ್ಲೇ ವಾಸಿ.

ಮೂಲೆಗ್ಯಾರೇಜು

ಪೇಂಟ್ ಮೊದಲು ಬೇಡವೇ ಬೇಡ. ಬ್ರೇಕ್ ಫ್ಲೂಯಿಡ್ ಒಂದು ಹನಿ ಬಿದ್ದರೆ ಹೊಸ ಪೇಂಟ್ ಸುಲಿದು ಬರ್ತದೆ, ಮತ್ತೆ ನಿಮಗೆ ಇನ್ನೂ ಬ್ರೇಕ್ ಬಿಚ್ಚೋದಿದೆ. ಎಂಜಿನ್ ಕೈಯಲ್ಲಿ ತಿರುಗೋವರೆಗೆ ಒಂದು ಬಿಡಿಭಾಗವನ್ನೂ ಕೊಳ್ಳಬೇಡಿ. ತಿರುಗಿದ ಮೇಲೆ ಮೊದಲ ದುಡ್ಡು ಬ್ರೇಕು ಮತ್ತು ಟೈರಿಗೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರ್ತವೆ. 2315 ಅಂದರೆ 2015ರ 23ನೇ ವಾರ. ನಿಮ್ಮದರಲ್ಲಿ ಬಿರುಕೇ ಬಂದಿರೋದರಿಂದ ತಾರೀಕು ನೋಡೋ ಅಗತ್ಯವೂ ಇಲ್ಲ, ಎರಡೂ ಬದಲಿಸಿ. ಟ್ಯೂಬು, ರಿಮ್ ಟೇಪು ಜೊತೆಗೇ.

ಡಿಸ್ಕ್ ಹಿಡಿದಿದ್ದರೆ ಕ್ಯಾಲಿಪರ್ ಬಿಚ್ಚಿ, ಪಿಸ್ಟನ್ನನ್ನ ಬ್ರೇಕ್ ಲಿವರ್ ಒತ್ತಿಯೇ ಹೊರತಳ್ಳಿ. ಸೀಲು ಕೂರೋ ತೋಡಲ್ಲಿ (ಗ್ರೂವ್) ಬಿಳಿ ಪುಡಿ ಕಟ್ಟಿರ್ತದೆ, ಅದೇ ಸೀಲನ್ನ ಒತ್ತಿ ಪಿಸ್ಟನ್ ಹಿಡಿಯೋದು. ಕೆರೆದು ತೆಗೆದು ಹೊಸ ಸೀಲ್ ಹಾಕಿ. ಪೆಟ್ರೋಲಲ್ಲಿ ತೊಳೆಯಬೇಡಿ, ಈ ರಬ್ಬರಿಗೆ ಪೆಟ್ರೋಲಿಯಂ ಎಣ್ಣೆ ಯಾವುದೂ ಆಗಲ್ಲ. ಮುಚ್ಚಳದ ಮೇಲೆ ಬರೆದಿರೋ ಡಾಟ್ 3 ಅಥವಾ ಡಾಟ್ 4 ಹಾಕಿ. ಸಿಲಿಕೋನಿನ ಡಾಟ್ 5 ಬೇರೆಯೇ ಜಾತಿ, ಬೆರೆಸಬಾರದು.

ಡ್ರಮ್ಮಿನ ಧೂಳನ್ನ ಊದಬೇಡಿ. ಹಳೇ ಶೂಗಳಲ್ಲಿ ಕಲ್ನಾರು ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ. ಲೈನಿಂಗ್ ದಪ್ಪಗೆ ಕಂಡರೂ ಅಂಚಲ್ಲಿ ಉಗುರು ಹಾಕಿ ನೋಡಿ, ಅಂಟು ಬಿಟ್ಟಿದ್ದರೆ ಓಡುವಾಗ ಕಳಚಿ ಚಕ್ರವನ್ನೇ ಹಿಡೀತದೆ. ಶೂ ಅಗಲಿಸೋ ಕ್ಯಾಮ್ ಹೊರತೆಗೆದು ಉಜ್ಜಿ, ತೆಳ್ಳಗೆ ಗ್ರೀಸ್ ಹಚ್ಚಿ.

ದುಡ್ಡು ಉಳಿಯೋ ಜಾಗ ಬೇರಿಂಗು. ಅದರ ಮೇಲೇ ನಂಬರ್ ಇರ್ತದೆ. 6301 ಅಂದರೆ ಒಳವ್ಯಾಸ 12, ಹೊರವ್ಯಾಸ 37, ಅಗಲ 12 ಮಿಮೀ, ಯಾವ ಕಂಪನಿ ಮಾಡಿದರೂ ಅಷ್ಟೇ. ಬೈಕ್ ಕಂಪನಿಯ ಪೊಟ್ಟಣವೇ ಬೇಕಿಲ್ಲ, ನಂಬರ್ ಹೇಳಿ ಎರಡೂ ಕಡೆ ರಬ್ಬರ್ ಸೀಲ್ ಇರೋ 2ಆರ್‌ಎಸ್ ಕೇಳಿ. ಚೈನ್ ಹಾಗಲ್ಲ: ಎರಡು ಸ್ಪ್ರಾಕೆಟ್ ಜೊತೆ ಸೆಟ್ಟಾಗಿಯೇ ಬದಲಿಸಬೇಕು, ಸವೆದ ಹಲ್ಲು ಹೊಸ ಚೈನನ್ನ ಬೇಗ ತಿಂದುಹಾಕ್ತದೆ.

ಹೊಸಪಾನಾ

ಎಲ್ಲರಿಗೂ ಥ್ಯಾಂಕ್ಸ್. ಪಿಸ್ಟನ್ ಬಿಟ್ಟಿತು, ಆಯಿಲ್ ಬದಲಿಸಿದೆ, ಟ್ಯಾಂಕ್ ಸ್ವಚ್ಛ, ಸ್ಟಾರ್ಟೂ ಆಯ್ತು. ಆದರೆ ಚೋಕ್ ಇದ್ದರೆ ಮಾತ್ರ ಓಡ್ತದೆ, ತೆಗೆದ ಕೂಡಲೇ ಆಫ್. ನಿಲ್ಲಿಸಿದಾಗ ಕಾರ್ಬುರೇಟರ್ ಕೆಳಗಿನ ಪೈಪಿಂದ ಪೆಟ್ರೋಲ್ ಹನೀತದೆ. ಸೈಲೆನ್ಸರಲ್ಲಿ ಬಿಳಿ ಹೊಗೆ.

ಟ್ಯಾಪೆಟ್‌ಪ್ರಿಯ

ಹೊಗೆ ನೀವೇ ಸುರಿದ ಎಣ್ಣೆ ಸೈಲೆನ್ಸರಲ್ಲಿ ಸುಡ್ತಿರೋದು, ಬಯಲಲ್ಲಿ ಒಂದಷ್ಟು ಹೊತ್ತು ಓಡಲಿ. ಮುಚ್ಚಿದ ಕೋಣೆಯಲ್ಲಿ ಬೇಡ. ಆಮೇಲೂ ರೇಸ್ ಕೊಟ್ಟಾಗೆಲ್ಲ ನೀಲಿ ಹೊಗೆ ಬಂದರೆ ರಿಂಗು, ಬೆಳಗ್ಗೆ ಮೊದಲ ಸ್ಟಾರ್ಟಲ್ಲಿ ಮಾತ್ರ ಬಂದರೆ ವಾಲ್ವ್ ಸೀಲು. ಎರಡನೇದು ಅವಸರದ್ದಲ್ಲ.

ತುಕ್ಕುವೈರಿ

ಎರಡು ಬೇರೆ ಬೇರೆ ತೊಂದರೆ. ಹನಿಯೋಕೆ ಕಾರಣ ಫ್ಲೋಟ್ ನೀಡಲ್, ಅಂದರೆ ಕಾರ್ಬುರೇಟರ್ ತುಂಬಿದಾಗ ಪೆಟ್ರೋಲ್ ತಡೆಯೋ ಸೂಜಿ. ಅದರ ರಬ್ಬರ್ ತುದಿಯಲ್ಲಿ ಉಂಗುರದ ಗೆರೆ ಬಿದ್ದಿದ್ದರೆ ಬದಲಿಸಿ. ಗೆರೆ ಇಲ್ಲದಿದ್ದರೆ ಅದು ಕೂರೋ ಸೀಟನ್ನ ಹತ್ತಿಕಡ್ಡಿಗೆ ಲೋಹದ ಪಾಲಿಷ್ ಹಚ್ಚಿ ಹತ್ತಾರು ಸಲ ತಿರುಗಿಸಿ ಹೊಳಪು ಬರಿಸಿ, ಪಾಲಿಷ್ ಪೂರ್ತಿ ತೊಳೆಯಿರಿ. ಫ್ಲೋಟ್ ಒಳಗೆ ಪೆಟ್ರೋಲ್ ಸೇರಿದೆಯಾ ಅಂತ ಕಿವಿ ಹತ್ರ ಅಲ್ಲಾಡಿಸಿ. ಇದು ಸರಿಯಾಗೋವರೆಗೆ ನಿಲ್ಲಿಸಿದಾಗೆಲ್ಲ ಕಾಕ್ ಮುಚ್ಚಿ, ಉಕ್ಕಿದ ಪೆಟ್ರೋಲ್ ಸಿಲಿಂಡರ್ ಮೂಲಕ ಎಂಜಿನ್ ಆಯಿಲಿಗೂ ಇಳೀತದೆ. ಡಿಪ್‌ಸ್ಟಿಕ್ ಮೂಸಿ ನೋಡಿ, ಪೆಟ್ರೋಲ್ ವಾಸನೆ ಇದ್ದರೆ ಆ ಆಯಿಲ್ ಈಗಲೇ ಇಳಿಸಿ.

ಚೋಕ್ ಇಲ್ಲದೆ ನಿಲ್ಲದಿರೋದು ಪೆಟ್ರೋಲ್ ಕಡಿಮೆ ಅಥವಾ ಕಳ್ಳಗಾಳಿ. ಮೊದಲು ಗಾಳಿ ನೋಡಿ, ಅದಕ್ಕೆ ಏನೂ ಬಿಚ್ಚಬೇಕಿಲ್ಲ. ಚೋಕಲ್ಲಿ ಓಡಿಸುತ್ತಾ ಕಾರ್ಬುರೇಟರ್ ಮತ್ತು ಹೆಡ್ ನಡುವಿನ ರಬ್ಬರ್ ಮೇಲೆ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿ. ಎಂಜಿನ್ ಸದ್ದು ಬದಲಾದರೆ ಅಲ್ಲಿ ಬಿರುಕಿದೆ. ಕೆಲವರು ಇದಕ್ಕೆ ಕಾರ್ಬ್ ಕ್ಲೀನರ್ ಹೊಡೀತಾರೆ, ಬಿಸಿ ಎಂಜಿನ್ ಪಕ್ಕ ಅದು ಬೇಡ. ಸದ್ದು ಬದಲಾಗದಿದ್ದರೆ ಪೈಲಟ್ ಜೆಟ್ ಮತ್ತೆ ಹೊರಗೆ ತೆಗೆಯಿರಿ. ಈ ಸಲ ಜೆಟ್ ಒಂದೇ ಅಲ್ಲ, ಅದು ಕೂತಿದ್ದ ಕೊಳವೆಯೊಳಗೂ ಕ್ಲೀನರ್ ಹೊಡೆದು, ಥ್ರಾಟಲ್ ಪಕ್ಕದ ಸಣ್ಣ ರಂಧ್ರದಿಂದ ಚಿಮ್ಮೋದನ್ನ ಕಣ್ಣಾರೆ ನೋಡಿದ ಮೇಲೆ ಮುಚ್ಚಿ. ಜೋಡಿಸುವಾಗ ಮಿಶ್ರಣದ ಸ್ಕ್ರೂ ಬರೆದಿಟ್ಟ ಸುತ್ತಿಗೇ ಇರಲಿ. ಬರೆದಿಡದಿದ್ದರೆ ಒಂದೂವರೆ ಸುತ್ತಿಂದ ಶುರು ಮಾಡಿ, ಎಂಜಿನ್ ಬಿಸಿಯಾದ ಮೇಲೆ ಕಾಲು ಸುತ್ತಿನಷ್ಟೇ ಬದಲಿಸುತ್ತಾ ಹೋಗಿ. ಸ್ಕ್ರೂ ಏರ್ ಫಿಲ್ಟರ್ ಕಡೆಗಿದ್ದರೆ ಹೊರಗೆ ತಿರುಗಿಸಿದಂತೆ ಗಾಳಿ ಹೆಚ್ಚಾಗ್ತದೆ, ಎಂಜಿನ್ ಕಡೆಗಿದ್ದರೆ ಪೆಟ್ರೋಲ್ ಹೆಚ್ಚಾಗ್ತದೆ.